ಬೋರ್ಡಿನ ಮೇಲಿನ ಹೆಂಗಸು

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹದಿನೆಂಟು ವರ್ಷ ನರ್ಸ್ ಆಗಿದ್ದೆ. ಬೆಳಿಗ್ಗೆ ಕುಂದಗೋಳದಲ್ಲಿ ರೈಲು ಹತ್ತುವುದು, ಸಂಜೆ ಕುಂದಗೋಳದಲ್ಲಿ ರೈಲು ಇಳಿಯುವುದು. ನೌಕರಿ ಬಿಡುವ ಹೊತ್ತಿಗೆ ಎರಡೂ ಮೊಣಕಾಲು ಹೋಗಿದ್ದವು, ತೂಕ ತೊಂಬತ್ತರ ಹತ್ತಿರ ಬಂದಿತ್ತು. ಮನೆಯಲ್ಲಿ ಕೂತ ಮೇಲೆ ನೋಡಿಕೊಳ್ಳಲು ರೋಗಿಗಳಿರಲಿಲ್ಲ. ಹಾಗಾಗಿ ನನ್ನನ್ನೇ ರೋಗಿ ಮಾಡಿಕೊಂಡೆ. ಬೆಳಿಗ್ಗೆ ಸ್ಟೇಷನ್ ರಸ್ತೆಯುದ್ದಕ್ಕೂ ನಡಿಗೆ, ಊಟಕ್ಕೆ ಎಣಿಸಿಟ್ಟ ಜೋಳದ ರೊಟ್ಟಿ, ತಟ್ಟೆಯ ಅರ್ಧ ಪಲ್ಯ, ಸಂಜೆ ಏಳರ ಮೇಲೆ ಅಡಿಗೆಮನೆಯ ದೀಪ ಬಂದ್. ಎರಡು ವರ್ಷದಲ್ಲಿ ಇಪ್ಪತ್ತೆರಡು ಕಿಲೋ ಇಳಿದೆ. ಮೊಣಕಾಲಿನ ನೋವು ಪೂರ್ತಿ ಹೋಗಲಿಲ್ಲ, ಆದರೆ ಮಾತು ಕೇಳುವಷ್ಟು ಸುಧಾರಿಸಿತು.

ಓಣಿಯ ಹೆಂಗಸರು ಮೊದಮೊದಲು ಸಕ್ಕರೆ ಕಾಯಿಲೆ ಬಂದಿರಬೇಕೆಂದುಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಂದು, "ಏನ್ ಔಷಧ ತಗೊಂಡ್ರಿ ಅಕ್ಕಾರ?" ಎಂದು ಕೇಳತೊಡಗಿದರು. ಔಷಧವಿಲ್ಲ ಎಂದರೆ ನಂಬುತ್ತಿರಲಿಲ್ಲ. ನಂಬಿಸಲಿಕ್ಕೆಂದೇ ನಾಲ್ಕು ಮಂದಿಯನ್ನು ನನ್ನ ಜೊತೆ ನಡೆಯಲು ಕರೆದೆ. ನಾಲ್ಕು ಏಳಾಯಿತು. ಮಳೆಗಾಲದಲ್ಲಿ ರಸ್ತೆಯ ಎರೆಮಣ್ಣು ಚಪ್ಪಲಿಗೆ ಅಂಟಿ ನಡೆಯುವುದೇ ಅಸಾಧ್ಯವಾದಾಗ, ಹತ್ತಿ ವ್ಯಾಪಾರಿಯೊಬ್ಬರ ಖಾಲಿ ಗೋದಾಮು ಬಾಡಿಗೆಗೆ ಹಿಡಿದೆ. ನೆಲಕ್ಕೆ ಚಾಪೆ, ಗೋಡೆಗೆ ಒಂದು ಕನ್ನಡಿ, ಮೂಲೆಯಲ್ಲಿ ತೂಕದ ಯಂತ್ರ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನ ಗಂಡ ಅದಕ್ಕೆ 'ಹಗುರ' ಎಂದು ಹೆಸರಿಟ್ಟರು.

"ಹೆಸರಿಟ್ಟ ಮ್ಯಾಲೆ ಬೋರ್ಡ್ ಬೇಕಲ್ಲ," ಎಂದರು. "ಬರೇ ಅಕ್ಷರ ಬರದರ ಕಿರಾಣಿ ಅಂಗಡಿ ಆಗತೈತಿ. ಒಂದು ಲೋಗೋ ಮಾಡಸು."

ಬಸ್ ಸ್ಟ್ಯಾಂಡಿನ ಬಾಜೂಕೆ ಅಣ್ಣ-ತಂಗಿ ನಡೆಸುವ ಫ್ಲೆಕ್ಸ್ ಅಂಗಡಿಯೊಂದಿದೆ. ಅವರ ತಂದೆ ಕೈಯಿಂದ ಬೋರ್ಡು ಬರೆಯುತ್ತಿದ್ದ ಪೇಂಟರ್. ಊರಿನ ಹಳೆಯ ಅಂಗಡಿಗಳ ಮೇಲೆ ಅವರ ಅಕ್ಷರಗಳು ಇನ್ನೂ ಇವೆ. ಈಗ ಅಣ್ಣ ಮುಂದೆ ನಿಂತು ಮಷಿನ್ ನೋಡಿಕೊಳ್ಳುತ್ತಾನೆ, ತಂಗಿ ಹಿಂದಿನ ಗಾಜಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡುತ್ತಾಳೆ. ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಗೆದ್ದವರಿಗೆ ಅಭಿನಂದನೆ, ಸೋತವರಿಗೆ ಸಾಂತ್ವನ, ಊರಿನ ಎಲ್ಲ ಮುಖಗಳೂ ಆಕೆಯ ಕೈಯಿಂದ ಹಾದು ಹೋಗಿವೆ. ನಾನು ಮೊದಲ ಸಲ ಹೋದಾಗ ಆಕೆ ಕೂತಲ್ಲಿಂದಲೇ ನಕ್ಕು ಕುರ್ಚಿ ತೋರಿಸಿದಳು. ಮೂವತ್ತರ ಮೇಲಿನ ವಯಸ್ಸು. ದೊಡ್ಡ ಪರದೆಯ ಹಿಂದೆ ದುಪಟ್ಟಾ ಹೊದ್ದ ತಲೆ, ಚುರುಕು ಕಣ್ಣು, ಅಷ್ಟೇ ನನಗೆ ಕಂಡದ್ದು.

"ತೂಕಾ ಇಳಸೋದು ಅಂದ್ರ ಎಲ್ಲಾರೂ ಒಂದ ನಮೂನಿ ಮಾಡಸ್ತಾರ್ರಿ," ಎಂದು ಪರದೆಯ ಮೇಲೆ ಹತ್ತಾರು ಚಿತ್ರ ತೆರೆದು ತೋರಿಸಿದಳು. ಬಿಗಿಯಾದ ಪ್ಯಾಂಟು ತೊಟ್ಟ ಹುಡುಗಿ, ಸೊಂಟಕ್ಕೆ ಸುತ್ತಿದ ಅಳತೆ ಟೇಪು, ಪಕ್ಕದಲ್ಲಿ ಅರ್ಧ ಕಚ್ಚಿದ ಸೇಬು.

ನನಗೆ ಅದು ಬಹಳ ಹಿಡಿಸಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಎಡಕ್ಕೆ ಒಬ್ಬ ದಪ್ಪ ಹೆಂಗಸು, ಬಲಕ್ಕೆ ಅದೇ ಹೆಂಗಸು ತೆಳ್ಳಗಾಗಿ ನಿಂತಂತೆ, ನಡುವೆ ಒಂದು ಬಾಣ, ನೋಡಲು ನಮ್ಮ ಕಡೆಯ ಹೆಂಗಸರ ಹಾಗಿರಲಿ, ಹೀಗೆ ಬೇಕೆಂದು ನಾನೇ ಹೇಳಿ ಬಂದೆ.

ಎರಡು ದಿನದಲ್ಲಿ ಆಕೆ ಫೋನಿಗೆ ಚಿತ್ರ ಕಳಿಸಿದಳು. ನೋಡಿದೆ. ಏನೋ ಸರಿಯಿಲ್ಲ ಎನಿಸಿತು, ಏನೆಂದು ಹೇಳಲು ಬರಲಿಲ್ಲ. ಟೈಪು ಮಾಡುವುದು ನನಗೆ ಬೇಸರ, ಗುಂಡಿ ಒತ್ತಿ ಮಾತಾಡಿ ಕಳಿಸಿದೆ: "ಚಲೋ ಐತಿ, ಆದ್ರ ಏನೋ ಕಡಿಮಿ ಆಗೇತಿ ನೋಡ್ರಿ."

"ಏನ್ ಕಡಿಮಿ ಆಗೇತ್ರಿ ಅಕ್ಕಾರ?" ಎಂದು ಆಕೆ ಕೇಳಿದಳು.

"ಅದ ಗೊತ್ತಾಗವಲ್ದು. ಬಲಗಡಿ ಹುಡುಗಿನ್ನ ಇನ್ನಷ್ಟು ತೆಳ್ಳಗ ಮಾಡ್ರಿ."

ಮಾಡಿದಳು. ಇನ್ನೂ ಸ್ವಲ್ಪ ಎಂದೆ. ಅದನ್ನೂ ಮಾಡಿದಳು. ಮೂರನೆಯ ಸಲ ಆ ಹುಡುಗಿ ಎಷ್ಟು ತೆಳ್ಳಗಾದಳೆಂದರೆ ಸೊಂಟಕ್ಕೆ ಸುತ್ತಿದ ಟೇಪು ಉಂಗುರದಂತೆ ಕಾಣುತ್ತಿತ್ತು. ಆಗ ನನಗೆ ಹೊಳೆದದ್ದು, ಅಥವಾ ಹೊಳೆಯಿತೆಂದು ನಾನು ಅಂದುಕೊಂಡದ್ದು, ತಪ್ಪಿರುವುದು ಬಲಗಡೆ ಅಲ್ಲ, ಎಡಗಡೆ ಎಂದು. ಎಡಗಡೆಯ ದಪ್ಪ ಹೆಂಗಸು ಸಾಕಷ್ಟು ಕೆಟ್ಟದಾಗಿರಲಿಲ್ಲ. ಚೂಡಿದಾರ ತೊಟ್ಟು, ಒಂದು ಕೈ ಸೊಂಟಕ್ಕಿಟ್ಟು, ಸಮಾಧಾನದಿಂದ ನಿಂತಿದ್ದಳು. ಅವಳನ್ನು ನೋಡಿದರೆ ಯಾರಿಗೂ ತೂಕ ಇಳಿಸಬೇಕೆಂದು ಅನಿಸುತ್ತಿರಲಿಲ್ಲ.

ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ನಾನು ಮಾತಾಡಿ ಕಳಿಸಿದೆ: "ಎಡಗಡಿ ಹೆಂಗಸಿನ ಹೊಟ್ಟಿ ಇನ್ನೂ ಮುಂದ ಬರ್ಲಿ. ಗದ್ದದ ಕೆಳಗ ಇನ್ನೊಂದು ಗದ್ದ ಹಾಕ್ರಿ. ಮಾರಿ ಜೋಲು ಬಿದ್ದಂಗ ಇರಬೇಕು. ನೋಡಿದವ್ರಿಗೆ ಹೇಸಿಗಿ ಬರಬೇಕ್ರಿ, ಅಂದ್ರ ಅವ್ರು ಒಳಗ ಬರ್ತಾರ."

ಮರುದಿನ ಸಂಜೆ ತಿದ್ದಿದ ಚಿತ್ರ ಬಂತು. ಹೊಟ್ಟೆ ಮುಂದೆ ಬಂದಿತ್ತು, ಗದ್ದದ ಕೆಳಗೆ ಗದ್ದ ಬಂದಿತ್ತು. ಜೊತೆಗೆ ಪ್ರತಿಸಲ ಬರುವ "ನೋಡ್ರಿ ಅಕ್ಕಾರ" ಎಂಬ ಮಾತು ಈ ಸಲ ಇರಲಿಲ್ಲ. ಅದನ್ನು ನಾನು ಗಮನಿಸಲಿಲ್ಲ. "ಈಗ ಬರೋಬರಿ ಆತು, ತೋಳು ಇನ್ನಷ್ಟು ದಪ್ಪ ಮಾಡ್ರಿ," ಎಂದು ಕಳಿಸಿದೆ.

ಅದಕ್ಕೆ ಉತ್ತರ ಬರಲಿಲ್ಲ. ಒಂದು ದಿನ ಕಾದೆ. ಫೋನ್ ಮಾಡಿದೆ, ಎತ್ತಲಿಲ್ಲ. ಮದುವೆಯ ಹಂಗಾಮು, ಕೆಲಸ ಬಹಳ ಇರಬೇಕು ಎಂದುಕೊಂಡು ನಾಲ್ಕು ದಿನ ಬಿಟ್ಟೆ. ಐದನೆಯ ದಿನ ಅಂಗಡಿಗೆ ಹೋದೆ. ಅಣ್ಣ ಮಷಿನ್ನಿನಿಂದ ಇಳಿಯುತ್ತಿದ್ದ ಫ್ಲೆಕ್ಸನ್ನು ಸುತ್ತುತ್ತ, ನನ್ನ ಮುಖ ನೋಡದೆ, "ಆ ಕೆಲಸ ನಮ್ ಕಡೆ ಆಗೂದಿಲ್ರಿ ಅಕ್ಕಾರ. ಹುಬ್ಬಳ್ಳ್ಯಾಗ ಮಾಡಿಸಿಕೊಳ್ರಿ," ಎಂದ.

"ಯಾಕ್ರಿ? ಅರ್ಧಾ ಮಾಡಿ ಬಿಟ್ರ ಹೆಂಗ?"

"ತಂಗಿ ಒಲ್ಲೆ ಅಂದಾಳ್ರಿ. ಯಾಕಂತ ನನಗೂ ಹೇಳಿಲ್ಲ."

ನನಗೆ ಸಿಟ್ಟು ಬಂತು. ಹದಿನೆಂಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಕಾರಣ ಹೇಳದೆ ಕೆಲಸ ಬಿಡುವವರನ್ನು ಕಂಡರೆ ನನಗಾಗುವುದಿಲ್ಲ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದೆ. ಆಕೆ ಎದ್ದು ನಿಂತಳು. ಆಕೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ದಪ್ಪ ಮೈಯ ಹೆಣ್ಣುಮಗಳು. ಬಹಳ ದಪ್ಪ. ಚೂಡಿದಾರ ತೊಟ್ಟಿದ್ದಳು. ಮೇಜಿಗೆ ತಾಗಿ ನಿಂತು, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡಳು.

ನಾನು ಕೇಳುವ ಮೊದಲು ಆಕೆಯೇ ಮಾತಾಡಿದಳು. ಧ್ವನಿ ಏರಿಸಲಿಲ್ಲ.

"ನಮ್ಮ ಕಡೆ ಹೆಂಗಸರ ಚಿತ್ರ ಎಲ್ಲೂ ಸಿಗೂದಿಲ್ರಿ ಅಕ್ಕಾರ. ಇಂಟರ್ನೆಟ್‌ನ್ಯಾಗ ಸಿಗೋವೆಲ್ಲಾ ಫಾರಿನ್ ಮಂದೀವು. ನೀವು ನಮ್ಮವ್ರ ಹಂಗ ಇರಬೇಕು ಅಂದಿದ್ರಿ. ಅದಕ್ಕ ನಂದ ಒಂದು ಫೋಟೋ ಕೆಳಗಿಟ್ಟು ಮ್ಯಾಲೆ ಗೆರಿ ಎಳದೆ."

ಹೊರಗೆ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಆಕೆ ಮತ್ತೆ ಹೇಳಿದಳು: "ಹೊಟ್ಟಿ ಮುಂದ ತರ್ರಿ ಅಂದ್ರಿ, ತಂದೆ. ಗದ್ದ ಹಾಕ್ರಿ ಅಂದ್ರಿ, ಹಾಕಿದೆ. ತೋಳು ಅಂದಾಗ ಕೈ ಓಡಲಿಲ್ರಿ."

ಆಸ್ಪತ್ರೆಯಲ್ಲಿದ್ದಾಗ ನನ್ನಿಂದ ತಪ್ಪುಗಳಾಗಿದ್ದವು. ಒಮ್ಮೆ ರೋಗಿಯೊಬ್ಬರ ಮಗಳ ಮುಂದೆ ಆಡಬಾರದ ಮಾತಾಡಿ ವಾರಗಟ್ಟಲೆ ನಿದ್ದೆ ಕಳೆದುಕೊಂಡಿದ್ದೆ. ಆದರೆ ಆಗೆಲ್ಲ ದಣಿವಿತ್ತು, ಅವಸರವಿತ್ತು, ಮೇಲಿನವರ ಒತ್ತಡವಿತ್ತು. ಇಲ್ಲಿ ನಾನು ಸಾರಿನ ಸೌಟು ಹಿಡಿದು, ಆರಾಮಾಗಿ, ಜನ ಬರಲಿ ಎಂಬ ಲೆಕ್ಕದಿಂದ ಅದನ್ನು ಹೇಳಿದ್ದೆ. ಹೇಳುವಾಗ ನಾನೂ ಒಂದು ಕಾಲಕ್ಕೆ ಆ ಎಡಗಡೆಯ ಹೆಂಗಸೇ ಆಗಿದ್ದೆ ಎಂಬುದು ನೆನಪಿರಲಿಲ್ಲ. ರೈಲಿನಲ್ಲಿ ನಾನು ಕೂತರೆ ಪಕ್ಕದವರು ಎದ್ದು ಬೇರೆ ಕಡೆ ಹೋಗುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿ, ಕಾಣದವಳ ಹಾಗೆ ಇರುತ್ತಿದ್ದೆ. ಇಪ್ಪತ್ತೆರಡು ಕಿಲೋ ಇಳಿಯುವಷ್ಟರಲ್ಲಿ ಅದೆಲ್ಲ ಮರೆತುಹೋಗಿತ್ತು.

"ತಪ್ಪಾತು," ಎಂದೆ.

"ಇರ್ಲಿ ಬಿಡ್ರಿ. ನೀವು ಚಿತ್ರಕ್ಕ ಅಂದ್ರಿ, ನನಗ ಅನಲಿಲ್ಲ."

"ಚಿತ್ರಕ್ಕಂದ್ರೂ ತಪ್ಪ ಅದು."

ಆಕೆ ಕೂತಳು. ನಾನೂ ಕೂತೆ. ಪರದೆಯ ಮೇಲೆ ಯಾರದೋ ಗೃಹಪ್ರವೇಶದ ಕಾರ್ಡು ತೆರೆದಿತ್ತು. ಆಮೇಲೆ ನಾನು ಕೇಳಿದೆ: "ಒಂದು ಖರೇ ಹೇಳು. ಈ ಬೋರ್ಡ್ ಹಾಕಿದ್ರ, ನೀ ನಮ್ಮ ಕೇಂದ್ರಕ್ಕ ಬರ್ತಿದ್ದೇನು?"

ನಾನು 'ನೀವು' ಬಿಟ್ಟು 'ನೀ' ಎಂದದ್ದು ಆಗಲೇ. ಆಕೆ ಅದನ್ನು ತಪ್ಪು ತಿಳಿಯಲಿಲ್ಲ.

"ಬರೂದು ದೂರ ಉಳೀತು. ಆ ರಸ್ತಾದಾಗ ಹಾದು ಹೋಗ್ತಿರಲಿಲ್ರಿ. ಆ ಬೋರ್ಡ್ ಕೆಳಗ ಹೊಕ್ಕರ ನಾ ಆ ಎಡಗಡ್ಯಾಕಿ ಅಂತ ಊರಿಗೆಲ್ಲಾ ಡಂಗುರ ಹೊಡದಂಗ."

"ಹಂಗಾದ್ರ ಏನ್ ಹಾಕೋಣು?"

"ನಿಮ್ಮ ಗೋದಾಮಿನ್ಯಾಗ ಏನ್ ನಡೀತೈತಿ ಅಂತ ನಾ ಒಮ್ಮೆನೂ ನೋಡಿಲ್ಲಲ್ರಿ. ನೋಡಿದ್ರ ಹೇಳಬಹುದು."

ಮುಂದಿನ ಸೋಮವಾರ ಬೆಳಿಗ್ಗೆ ಆರಕ್ಕೆ ಅಣ್ಣ ಆಕೆಯನ್ನು ಬೈಕಿನಲ್ಲಿ ತಂದು ಬಿಟ್ಟ. ಗೋಡೆ ಪಕ್ಕ ಕುರ್ಚಿ ಹಾಕಿಕೊಟ್ಟೆ. ಅಂದು ಒಂಬತ್ತು ಮಂದಿ ಬಂದಿದ್ದರು. ಬಳೆ ತೆಗೆದು ಡಬ್ಬಿಯಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂದಿನಂತೆ ಕೈಕಾಲು ಆಡಿಸಿದರು. ಆಕೆ ಒಂದು ನೋಟುಬುಕ್ಕಿನಲ್ಲಿ ಏನೋ ಗೀಚಿಕೊಳ್ಳುತ್ತಿದ್ದಳು. ವ್ಯಾಯಾಮ ಮುಗಿದ ಮೇಲೆ ನಾನು ಹಳೆಯ ಚಿತ್ರವನ್ನು, ಬಲಗಡೆಯ ತೆಳ್ಳನೆಯ ಹುಡುಗಿಯನ್ನಷ್ಟೇ ಉಳಿಸಿ, ಫೋನಿನಲ್ಲಿ ಎಲ್ಲರಿಗೂ ತೋರಿಸಿದೆ. ನಮ್ಮಲ್ಲಿ ಹಿರಿಯಳೆಂದರೆ ಪಕ್ಕದ ಹಳ್ಳಿಯಿಂದ ಟಂಟಂ ರಿಕ್ಷಾ ಹತ್ತಿ ಬರುತ್ತಿದ್ದ ಒಬ್ಬ ಗೌಡರ ಮನೆಯ ಅಮ್ಮ. ಅರವತ್ತು ದಾಟಿದವಳು, ಹೊಲ-ಮನೆ ಎರಡನ್ನೂ ಆಳಿದವಳು. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಯಾರವಾ ಈ ಹುಡುಗಿ? ಜಡ್ಡಾಗಿ ಎದ್ದಾಳೇನು?"

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಖರೆ ಖರೆ ಕೇಳುತ್ತಿದ್ದಳು.

"ಇಲ್ಲಬೇ ಅಮ್ಮಾ, ತೂಕಾ ಇಳಿಸ್ಯಾಳ," ಎಂದೆ.

"ಇಷ್ಟು ಇಳಿಸಿ ಏನ್ ಮಾಡ್ತಾಳ? ಒಂದು ಕೊಡ ನೀರು ಹೊರೂದಿಲ್ಲ ಇಕಿ. ನಾ ಹಿಂಗ ಆಗಾಕ ಬಂದಿಲ್ಲವಾ."

"ಮತ್ಯಾಕ ಬಂದಿ?"

"ನೆಲಕ್ಕ ಕುಂತ್ರ ಎದ್ದೇಳಾಕ ಬರವಲ್ದಾಗಿತ್ತು. ಸೊಸಿ ಕೈ ಕೊಟ್ಟು ಎಬ್ಬಸಬೇಕು. ಮಂದ್ಯಾಗ ಪಂಕ್ತಿಗೆ ಕುಂತಾಗ ಎಲ್ಲಾರೂ ಉಂಡು ಎದ್ದು ಹೋಗೂತನಾ ಕುಂತ ಇರ್ತಿದ್ದೆ, ಯಾರೂ ನೋಡದಂಗ ಏಳೂಣು ಅಂತ. ಅದಕ್ಕ ಬಂದೆ."

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಬರುವುದಿಲ್ಲವೆಂದು ತವರಿಗೆ ಹೋಗುವುದನ್ನೇ ಬಿಟ್ಟವಳು ಒಬ್ಬಳು. ಮೊಮ್ಮಗುವನ್ನು ಎತ್ತಿಕೊಳ್ಳಲು ಬಾಗಿದರೆ ಉಸಿರು ಕಟ್ಟುತ್ತದೆಂದವಳು ಇನ್ನೊಬ್ಬಳು. ತೆಳ್ಳಗಾಗಲು ಬಂದೆ ಎಂದವರು ಇಬ್ಬರೇ. ಅದರಲ್ಲಿ ಒಬ್ಬಳು ಮದುವೆ ಗೊತ್ತಾದ ಹುಡುಗಿ. ಆರು ತಿಂಗಳಿಂದ ದಿನಾ ನೋಡುತ್ತಿದ್ದ ಹೆಂಗಸರು ಇವರು. ಪ್ರತಿಯೊಬ್ಬರ ತೂಕ ನನ್ನ ವಹಿಯಲ್ಲಿತ್ತು, ಯಾಕೆ ಬಂದಿರೆಂದು ನಾನು ಕೇಳಿರಲಿಲ್ಲ.

ಹೊರಡುವಾಗ ಡಿಸೈನ್ ಮಾಡುವಾಕೆ ನೋಟುಬುಕ್ಕು ನನ್ನ ಮುಂದೆ ಹಿಡಿದಳು. ಪೆನ್ಸಿಲ್ಲಿನಲ್ಲಿ ಎಂಟು-ಹತ್ತು ಗೀಚು. ಎಲ್ಲವೂ ಗೌಡರ ಮನೆಯ ಅಮ್ಮನವೇ, ಚಾಪೆಯಿಂದ ಏಳುತ್ತಿದ್ದಾಗಿನವು.

"ನೆಲದಿಂದ ಏಳೋ ಹೆಂಗಸು," ಎಂದಳು. "ಹೆಂಗ ಅನಸ್ತೈತ್ರಿ?"

ನನಗೆ ಚೆನ್ನಾಗಿಯೇ ಅನಿಸಿತು. ಆದರೆ ಹೇಳುವುದಕ್ಕೂ ಮಾಡುವುದಕ್ಕೂ ಬಹಳ ಅಂತರವಿತ್ತು. ಮೊದಲು ಬಂದ ಚಿತ್ರದಲ್ಲಿ ಹೆಂಗಸು ನೆಲದ ಮೇಲೆ ಒಂದು ಕೈ ಊರಿದ್ದಳು. ಈ ಸಲ ನಾನು ಫೋನಿನಲ್ಲಿ ಮಾತಾಡಿ ಕಳಿಸಲಿಲ್ಲ, ಅಂಗಡಿಗೇ ಹೋದೆ. 'ಏನೋ ಕಡಿಮಿ' ಎಂಬ ಮಾತನ್ನು ಆಡುವುದಿಲ್ಲವೆಂದು ದಾರಿಯಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

"ನೆಲಾ ಸಾರಸಾಕತ್ತಾಳ ಇಕಿ. ಆ ಕೈಯಾಗೊಂದು ಅರಿವಿ ಕೊಟ್ರ ಮುಗೀತು."

ಆಕೆ ಪರದೆಯನ್ನು ವಾರೆಯಾಗಿ ನೋಡಿ, "ಹೌದ್ರಿ," ಎಂದು ನಕ್ಕಳು. ಅದು ಹೋಯಿತು.

ಎರಡನೆಯದರಲ್ಲಿ ಎರಡೂ ಮೊಣಕಾಲು ನೆಲಕ್ಕಿದ್ದವು. ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು: "ನಮ್ಮ ಮನ್ಯಾಗ ನೋಡಿದವ್ರು ನಮಾಜ್ ಅಂದ್ರು. ನಿಮ್ಮ ಮನ್ಯಾಗ ಏನಂದ್ರು?"

"ನಮ್ಮ ಮಾಸ್ತರು ಲಿಂಗಪೂಜಿ ಅಂದ್ರು."

"ಹಂಗಾದ್ರ ಎರಡೂ ಕಡೆ ಫೇಲ್."

ಮೂರನೆಯದು ಸರಿಯಾಗಿತ್ತು, ಆದರೆ ಆ ಹೆಂಗಸು ಈಗಲೋ ಆಗಲೋ ಮುಗ್ಗರಿಸಿ ಬೀಳುವ ಹಾಗಿದ್ದಳು. ಇದು ಯಾಕೆ ಹಾಗೆ ಎಂದು ಹೇಳಲು ನನಗೆ ಬರುತ್ತಿತ್ತು. ಎಷ್ಟೋ ರೋಗಿಗಳನ್ನು ಹಾಸಿಗೆಯಿಂದ, ನೆಲದಿಂದ ಎಬ್ಬಿಸಿದ್ದೆ. "ಭಾರ ಹಿಂದಿನ ಕಾಲಿನ ಮ್ಯಾಲೈತಿ. ಮುಂದಿನ ಕಾಲಿನ ಮ್ಯಾಲೆ ಬರಬೇಕು. ಹಿಮ್ಮಡಿ ನೆಲಕ್ಕ ಪೂರ್ತಿ ಹತ್ತಿರಬೇಕು. ಕೈ ಮೊಣಕಾಲಿನ ಚಿಪ್ಪಿನ ಮ್ಯಾಲೆ ಅಲ್ಲ, ಅದಕ್ಕಿಂತ ಮ್ಯಾಲೆ, ತೊಡೀ ಮ್ಯಾಲೆ." ಆಕೆಗೆ ತಿಳಿಯಲಿಲ್ಲ. ನಾನು ಅಂಗಡಿಯ ನೆಲದ ಮೇಲೆ ಕೂತೇಬಿಟ್ಟೆ. ಎದ್ದೆ. ಮತ್ತೆ ಕೂತೆ. ಆಕೆ ಫೋನು ಹಿಡಿದು ಒಂದೊಂದು ಭಂಗಿಯ ಫೋಟೋ ತೆಗೆದಳು. ಅಣ್ಣ ಗಾಜಿನಾಚೆಯಿಂದ ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡು ಮಷಿನ್ನಿನ ಕಡೆ ಹೋದ.

"ನಾ ಒಮ್ಮೆ ಮಾಡಿ ನೋಡಲೇನ್ರಿ? ಮಾಡಿದ್ರ ಬರಿಯಾಕ ತಿಳೀತೈತಿ," ಎಂದು ಆಕೆ ಕೇಳಿದಳು.

ಬಾಗಿಲಿಗೆ ಪರದೆ ಎಳೆದು, ಮೇಜು ಹಿಡಿದುಕೊಂಡು ನಿಧಾನಕ್ಕೆ ಕೂತಳು. ಏಳಲು ಹೋದಾಗ ಕೈ ತಾನೇ ಮೇಜಿನ ಕಡೆ ಹೋಯಿತು. ಹಿಡಿಯಬೇಡ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಆಕೆಯೇ ಕೈ ಹಿಂದಕ್ಕೆ ತೆಗೆದುಕೊಂಡಳು.

"ಎಲ್ಲಿ ಇಡಬೇಕಂದ್ರಿ?"

"ತೊಡೀ ಮ್ಯಾಲೆ. ಮುಂದ ಬಾಗು. ಮೂಗು ಕಾಲ ಬೆರಳಿನ ಮ್ಯಾಲೆ ಬರೂವಂಗ. ಈಗ ಏಳು."

ಮೂರನೆಯ ಪ್ರಯತ್ನಕ್ಕೆ ಎದ್ದಳು. ಮುಖ ಕೆಂಪಾಗಿತ್ತು, ಉಸಿರು ಜೋರಾಗಿತ್ತು. ಒಂದು ಲೋಟ ನೀರು ಕುಡಿದು, ಕೂಡಲೇ ಕಂಪ್ಯೂಟರ್ ಮುಂದೆ ಕೂತು, ನನ್ನನ್ನು ಮರೆತವಳ ಹಾಗೆ ಗೆರೆ ಎಳೆಯತೊಡಗಿದಳು. ಆ ಚಿತ್ರವೇ ಕೊನೆಗೆ ಉಳಿದದ್ದು. ಸೆರಗು ಸಿಕ್ಕಿಸಿದ, ಮೈಕೈ ತುಂಬಿದ ಒಬ್ಬ ಹೆಂಗಸು, ಒಂದು ಕಾಲು ಮುಂದಿಟ್ಟು, ತೊಡೆಯ ಮೇಲೆ ಕೈಯಿಟ್ಟು ಏಳುತ್ತಿದ್ದಾಳೆ. ದಪ್ಪವೂ ಅಲ್ಲ, ತೆಳುವೂ ಅಲ್ಲ. ನೋಡಿದ ಹೆಂಗಸರಿಗೆ ತಮ್ಮ ಮನೆಯವರಂತೆಯೇ ಕಾಣುತ್ತಿದ್ದಳು.

ಅಕ್ಷರದ ವಿಷಯದಲ್ಲಿ ಮತ್ತೆ ಜಗಳವಾಯಿತು, ಆದರೆ ಅದು ಒಳ್ಳೆಯ ಜಗಳ. 'ಹಗುರ' ಎಂಬುದನ್ನು ತೆಳ್ಳಗೆ ಬರೆ ಎಂದು ನನ್ನ ಹಟ. ಹಗುರ ಎಂದು ಬರೆದ ಮೇಲೆ ಅಕ್ಷರವೂ ಹಗುರಾಗಿರಬೇಕಲ್ಲ?

"ಕನ್ನಡ ಅಕ್ಷರಾನ ದುಂಡಗ ಅದಾವ್ರಿ ಅಕ್ಕಾರ," ಎಂದಳು. "ಸಣ್ಣ ಗೆರಿ ಎಳದ್ರ ರಸ್ತಾದ ಆಚೆಯಿಂದ ಓದಾಕ ಬರೂದಿಲ್ಲ. ಅಪ್ಪ ಹೇಳ್ತಿದ್ರು, ಹೊಟ್ಟಿ ತುಂಬಿದ ಅಕ್ಷರ ಬರಿ, ಒಳಗ ಗಾಳಿ ಆಡಾಕ ಜಾಗಾ ಬಿಡು ಅಂತ." ಎರಡೂ ಥರ ಅಚ್ಚು ಹಾಕಿ, ಅಂಗಡಿಯ ಮುಂದೆ ಅಂಟಿಸಿ, ನನ್ನನ್ನು ರಸ್ತೆಯಾಚೆ ನಿಲ್ಲಿಸಿದಳು. ತೆಳ್ಳನೆಯದು ಜೇಡರ ಬಲೆಯಂತೆ ಕಂಡಿತು. ಸೋತೆ ಎಂದು ಅಲ್ಲಿಂದಲೇ ಕೈ ಎತ್ತಿದೆ.

ಬಣ್ಣದಲ್ಲಿ ನಾನು ಗೆದ್ದೆ. ನನ್ನ ಗಂಡ, ಆಕೆ ಇಬ್ಬರೂ ಹಸಿರು ಎನ್ನುತ್ತಿದ್ದರು. ಆರೋಗ್ಯವೆಂದರೆ ಹಸಿರಂತೆ. "ನಮ್ಮ ರಸ್ತಾದಾಗ ಇರೋ ಬೀಜ-ಗೊಬ್ಬರದ ಅಂಗಡಿ ಬೋರ್ಡೆಲ್ಲಾ ಹಸರ ಅದಾವ," ಎಂದೆ. "ಮುಂಗಾರಿಗೆ ಮಂದಿ ಬಂದು ನನ್ನ ಕಡೆ ಯೂರಿಯಾ ಕೇಳ್ತಾರ." ಒಣಮೆಣಸಿನಕಾಯಿಯ ಕೆಂಪು ಆರಿಸಿದೆವು, ಹಿಂದೆ ಬಿಳಿ.

ಕೊನೆಯ ತಕರಾರು ಗಂಡನದು. ಚಿತ್ರವನ್ನು ಊಟದ ಹೊತ್ತಿನಲ್ಲಿ ನೋಡಿ, "ಚಿತ್ರ ಚಲೋ ಐತಿ. ಆದ್ರ ತೆಳ್ಳಗಾದಾಕಿ ಎಲ್ಲದಾಳ? ಮಂದಿ ಏನ್ ನೋಡಿ ಬರಬೇಕು?" ಎಂದರು. ತಪ್ಪು ಮಾತಲ್ಲ ಅದು. ನನ್ನಲ್ಲೂ ಅದೇ ಅಂಜಿಕೆ ಇತ್ತು. ಗೋದಾಮಿನ ಬಾಡಿಗೆ ಪ್ರತಿ ತಿಂಗಳು ಬರುತ್ತದೆ, ಒಂಬತ್ತು ಮಂದಿಯಿಂದ ಅದು ನಡೆಯುವುದಿಲ್ಲ. ಎರಡು ದಿನ ಯೋಚಿಸಿದೆ. ಆಮೇಲೆ ಬೋರ್ಡು ಹಾಕಿಸಿದೆ.

ನನ್ನ ಗಂಡನ ಅಂಜಿಕೆ ಅರ್ಧ ನಿಜವಾಯಿತು. ಮೊದಲ ತಿಂಗಳು ಬಂದವರಲ್ಲಿ ಹೆಚ್ಚಿನವರು ಮೊಣಕಾಲು ನೋವಿನ ಗಂಡಸರು. ಎಣ್ಣೆ ಇದೆಯೇ, ಪಟ್ಟಿ ಇದೆಯೇ ಎಂದು ಕೇಳಿದರು. ಬೋರ್ಡಿನ ಕೆಳಗೆ 'ಮಹಿಳೆಯರಿಗೆ ಮಾತ್ರ, ವ್ಯಾಯಾಮ ಮತ್ತು ಆಹಾರ ಸಲಹೆ' ಎಂದು ಇನ್ನೊಂದು ಸಾಲು ಸೇರಿಸಬೇಕಾಯಿತು. ಇದು ನಾನು ಮೊದಲೇ ಯೋಚಿಸಬೇಕಾದದ್ದು. ಕಾಲೇಜಿನ ಹುಡುಗಿಯರು ಒಂದಿಬ್ಬರು ಬೋರ್ಡು ನೋಡಿ, ಇದು ಮುದುಕಿಯರದು ಎಂದು ಹುಬ್ಬಳ್ಳಿಯ ಜಿಮ್ಮಿಗೆ ಹೋದರು. ಅವರನ್ನು ನಾನು ಕಳೆದುಕೊಂಡೆ. ಆದರೆ ಮೊದಲು ಹಿತ್ತಲ ಬಾಗಿಲಿನಿಂದ ಬರುತ್ತಿದ್ದ ನಮ್ಮ ಹೆಂಗಸರು ಮುಂಬಾಗಿಲಿನಿಂದ ಬರತೊಡಗಿದರು. ಗೌಡರ ಮನೆಯ ಅಮ್ಮ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ತನ್ನ ಹಳ್ಳಿಯಿಂದ ಮೂವರನ್ನು ಟಂಟಂನಲ್ಲಿ ಕೂರಿಸಿಕೊಂಡು ಬಂದಳು. ಸುಗ್ಗಿ ಬಂದ ಮೇಲೆ ಆಕೆ ಬರುವುದು ನಿಂತಿತು. ಆ ಮೂವರಲ್ಲಿ ಇಬ್ಬರು ಉಳಿದರು. ಈಗ ನಮ್ಮಲ್ಲಿ ಇಪ್ಪತ್ತರ ಮೇಲಿದ್ದಾರೆ. ದೊಡ್ಡ ವ್ಯವಹಾರವೇನಲ್ಲ, ನಡೆಯುತ್ತದೆ.

ಡಿಸೈನ್ ಮಾಡಿದಾಕೆ ನಮ್ಮ ಕೇಂದ್ರ ಸೇರಲಿಲ್ಲ. ನಾನೂ ಬಾ ಎಂದು ಕರೆಯಲಿಲ್ಲ. ಕರೆದರೆ ಮೊದಲು ಫೋನಿನಲ್ಲಿ ಆಡಿದ ಆ ಮಾತನ್ನೇ ಬೇರೆ ರೀತಿಯಲ್ಲಿ ಮತ್ತೆ ಆಡಿದ ಹಾಗಾಗುತ್ತದೆ ಎನಿಸಿತ್ತು. ಆಹಾರದ ಪಟ್ಟಿ ಅಚ್ಚು ಹಾಕಿಸಲು ತಿಂಗಳಿಗೊಮ್ಮೆ ಅಂಗಡಿಗೆ ಹೋಗುತ್ತೇನೆ. ಚಹಾ ತರಿಸುತ್ತಾಳೆ, ನನ್ನದಕ್ಕೆ ಸಕ್ಕರೆ ಬೇಡವೆಂದು ಆಕೆಯೇ ಹೇಳಿ ಕಳಿಸುತ್ತಾಳೆ. ಅಣ್ಣಿಗೇರಿ, ನವಲಗುಂದದ ಕಡೆಯಿಂದಲೂ ಈಗ ಆಕೆಗೆ ಕೆಲಸ ಬರುತ್ತದೆ.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ನಾನು ಚಾಪೆ ಸುತ್ತುತ್ತಿದ್ದಾಗ ಆಕೆ ಒಬ್ಬಳೇ ಬಂದಳು. ಬಾಗಿಲಲ್ಲೇ ನಿಂತು, "ಡಾಕ್ಟರು ತೂಕಾ ಎಷ್ಟೈತಿ ನೋಡ್ಕೊಂಡು ಬಾ ಅಂದಾರ್ರಿ. ಅಲ್ಲಿ ಮಂದಿ ಮುಂದ ಹತ್ತಾಕ ಮನಸ್ಸಾಗಲಿಲ್ಲ," ಎಂದಳು.

ಬಾಗಿಲು ಹಾಕಿದೆ. ಯಂತ್ರವನ್ನು ಗೋಡೆಯ ಕಡೆ ತಿರುಗಿಸಿ, ಅಂಕಿ ಆಕೆಗೆ ಮಾತ್ರ ಕಾಣುವ ಹಾಗಿಟ್ಟು, ನಾನು ಹಿಂದೆ ಸರಿದು ನಿಂತೆ. ಆಕೆ ಚಪ್ಪಲಿ ಬಿಟ್ಟು ಹತ್ತಿದಳು. ಅಂಕಿ ನಿಲ್ಲುವ ತನಕ ಕಾದು, ಇಳಿದು, ಫೋನಿನಲ್ಲಿ ಬರೆದುಕೊಂಡಳು. ಎಷ್ಟೆಂದು ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ.

"ಮುಂದಿನ ತಿಂಗಳಾನೂ ನೋಡಬೇಕಂತ್ರಿ," ಎಂದಳು ಚಪ್ಪಲಿ ಮೆಟ್ಟಿಕೊಳ್ಳುತ್ತ.

"ಇದ ಹೊತ್ತಿಗೆ ಬಾ. ಯಾರೂ ಇರೂದಿಲ್ಲ."

"ಹೂನ್ರಿ," ಎಂದಳು. ಅಂಗಡಿಯಲ್ಲಿ ಮಷಿನ್ ಓಡುತ್ತಿತ್ತಂತೆ, ಅವಸರದಲ್ಲಿದ್ದಳು. ನಾನು ಉಳಿದ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದೆ.